ಬಂದೂಕು ಪ್ರಕರಣದಲ್ಲಿ ಶಿಕ್ಷೆಯಾದಾಗ: ಮೇಲ್ಮನವಿ ಸಲ್ಲಿಸುವ ಬಗೆ

1959ರ ಶಸ್ತ್ರಾಸ್ತ್ರ ಕಾಯ್ದೆಯ 3ನೇ ಕಲಮು ಪರವಾನಗಿಯಿಲ್ಲದೆ ಬಂದೂಕನ್ನಾಗಲಿ ತೋಟಾಗಳನ್ನಾಗಲಿ ಇಟ್ಟುಕೊಳ್ಳುವುದನ್ನು ನಿಷೇಧಿಸುತ್ತದೆ. ಇದನ್ನು ಮೀರಿದವರಿಗೆ 25(1ಬಿ)(ಎ) ಕಲಮಿನಡಿ, 2019ರ ತಿದ್ದುಪಡಿಯ ತರುವಾಯ, ಕನಿಷ್ಠ 2 ವರ್ಷಗಳಿಂದ ಗರಿಷ್ಠ 5 ವರ್ಷಗಳವರೆಗೆ ಸೆರೆವಾಸ ಮತ್ತು ದಂಡವಿದೆ. ಇಂಥ ಪ್ರಕರಣಗಳನ್ನು ಸಾಮಾನ್ಯವಾಗಿ ಮ್ಯಾಜಿಸ್ಟ್ರೇಟ್ ನ್ಯಾಯಾಲಯ ವಿಚಾರಣೆ ನಡೆಸುವುದರಿಂದ, ಅದರ ತೀರ್ಪಿನ ವಿರುದ್ಧ ಜಿಲ್ಲೆಯ ಸೆಷನ್ಸ್ ನ್ಯಾಯಾಲಯಕ್ಕೆ ಹೋಗಿ ಸಾಕ್ಷ್ಯವನ್ನೂ ಕಾನೂನನ್ನೂ ಮತ್ತೊಮ್ಮೆ ತೂಗಿ ನೋಡುವಂತೆ ಕೇಳುವುದು ಶಿಕ್ಷೆಗೊಳಗಾದವರ ಶಾಸನಬದ್ಧ ಹಕ್ಕಾಗಿದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 415ನೇ ಕಲಮು ಈ ಹಕ್ಕನ್ನು ನೀಡುತ್ತದೆ.

ಮೊದಲ ಕೆಲಸ ತೀರ್ಪು ಹೊರಬಿದ್ದ ದಿನವೇ ಆಗಬೇಕು. ಸೆರೆವಾಸ ವಿಧಿಸಿದ ತೀರ್ಪಿನ ಪ್ರತಿಯನ್ನು ಆಪಾದಿತರಿಗೆ ಕೂಡಲೇ, ಶುಲ್ಕವಿಲ್ಲದೆ ಕೊಡಬೇಕೆಂದು ಸಂಹಿತೆಯ 404ನೇ ಕಲಮು ಹೇಳುತ್ತದೆ. ಆವರೆಗೆ ಜಾಮೀನಿನ ಮೇಲಿದ್ದು, ವಿಧಿಸಿದ ಸೆರೆವಾಸ 3 ವರ್ಷ ಮೀರದಿದ್ದರೆ, ಮೇಲ್ಮನವಿ ಸಲ್ಲಿಸುವ ಇಂಗಿತವನ್ನು ತಿಳಿಸಿ, ಅದಕ್ಕೆ ಬೇಕಾದಷ್ಟು ಕಾಲ ಜಾಮೀನಿನಲ್ಲೇ ಬಿಡುವಂತೆ ಶಿಕ್ಷೆ ವಿಧಿಸಿದ ನ್ಯಾಯಾಲಯವನ್ನೇ 430(3)ನೇ ಕಲಮಿನಡಿ ಕೇಳಬಹುದು. ಈ ಒಂದು ಅರ್ಜಿ ಸಿದ್ಧವಿಲ್ಲದ ಕಾರಣಕ್ಕೆ ನ್ಯಾಯಾಲಯದಿಂದ ನೇರ ಜೈಲಿಗೆ ಹೋಗಬೇಕಾಗಿ ಬರುವುದು ನಿಜಕ್ಕೂ ತಪ್ಪಿಸಬಹುದಾದ ಸಂಕಟ.

ಸೆಷನ್ಸ್ ನ್ಯಾಯಾಲಯಕ್ಕೆ ಮೇಲ್ಮನವಿ ಸಲ್ಲಿಸಲು 1963ರ ಕಾಲಮಿತಿ ಕಾಯ್ದೆ 30 ದಿನಗಳ ಅವಕಾಶ ನೀಡಿದ್ದು, ಪ್ರಮಾಣೀಕೃತ ನಕಲು ಪಡೆಯಲು ಹಿಡಿದ ದಿನಗಳನ್ನು ಈ ಲೆಕ್ಕದಿಂದ ಬಿಡಲಾಗುತ್ತದೆ. ಅವಧಿ ಮೀರಿದ್ದರೆ ಅದೇ ಕಾಯ್ದೆಯ 5ನೇ ಕಲಮಿನಡಿ ವಿಳಂಬವನ್ನು ಮನ್ನಿಸುವಂತೆ ಕೋರಿ, ತಡವಾದುದಕ್ಕೆ ಕಾರಣವನ್ನು ಪ್ರಮಾಣಪತ್ರದಲ್ಲಿ ವಿವರಿಸಬೇಕು. ಮೇಲ್ಮನವಿ ಅರ್ಜಿ, ತೀರ್ಪಿನ ಪ್ರತಿ ಮತ್ತು ವಕಾಲತ್ತಿನ ಜೊತೆಗೆ, ಮೇಲ್ಮನವಿ ಇತ್ಯರ್ಥವಾಗುವವರೆಗೆ ಶಿಕ್ಷೆಯನ್ನು ಅಮಾನತಿನಲ್ಲಿಡಬೇಕೆಂಬ ಪ್ರತ್ಯೇಕ ಅರ್ಜಿಯೂ ಇರಬೇಕು. ಜೈಲಿನಲ್ಲಿರುವವರು ಜೈಲಿನ ಅಧಿಕಾರಿಯ ಕೈಗೆ ಮೇಲ್ಮನವಿ ಕೊಟ್ಟರೆ ಸಾಕು, ಅದನ್ನು ನ್ಯಾಯಾಲಯಕ್ಕೆ ತಲುಪಿಸುವುದು ಆ ಅಧಿಕಾರಿಯ ಹೊಣೆ.

ಮೇಲ್ಮನವಿಯ ಜೀವಾಳವಿರುವುದು ಅದರ ಆಧಾರಗಳಲ್ಲಿ. ತೀರ್ಪು ತಪ್ಪು ಎಂದಷ್ಟೇ ಬರೆಯುವುದರಿಂದ ಏನೂ ಸಾಗದು. ಸಾಕ್ಷಿಗಳ ಹೇಳಿಕೆ ಮತ್ತು ಪಾಟೀಸವಾಲುಗಳನ್ನು ಸಾಲುಸಾಲಾಗಿ ಓದಿ, ಯಾವ ಅಂಶ ರುಜುವಾತಾಗಿಲ್ಲ ಎಂಬುದನ್ನು ಎತ್ತಿ ತೋರಿಸಬೇಕಾಗುತ್ತದೆ. ಎಲ್ಲಕ್ಕಿಂತ ಮುಖ್ಯವಾದುದು ವಶದ ಪ್ರಶ್ನೆ. ವಶ ಎಂದರೆ ಆಯುಧ ಕೈಯಲ್ಲೇ ಇರಬೇಕೆಂದಿಲ್ಲ, ಆದರೆ ಅದು ಇದೆಯೆಂಬ ಅರಿವು ಮತ್ತು ಅದರ ಮೇಲೆ ಹಿಡಿತ ಇರಬೇಕೆಂದು ಸುಪ್ರೀಂ ಕೋರ್ಟ್ 1972ರ ಗುಣವಂತಲಾಲ್ ಪ್ರಕರಣದಲ್ಲಿ ಸ್ಪಷ್ಟಪಡಿಸಿದೆ. ನಾಲ್ಕು ಜನ ವಾಸಿಸುವ ಮನೆಯ ಅಟ್ಟದ ಮೇಲೆ, ಗೋಣಿಚೀಲದಲ್ಲಿ ಸುತ್ತಿಟ್ಟ ನಾಡಕೋವಿ ಸಿಕ್ಕಿತೆಂದಿಟ್ಟುಕೊಂಡರೆ, ಮನೆಯ ಯಜಮಾನನಿಗೆ ಅದರ ಅರಿವಿತ್ತೆಂದು ತೋರಿಸುವ ಸಾಕ್ಷ್ಯ ಯಾವುದು ಎಂಬುದೇ ಮೇಲ್ಮನವಿಯ ಮೊದಲ ಪ್ರಶ್ನೆಯಾಗುತ್ತದೆ.

ಅನಂತರ ಜಪ್ತಿ ಮಹಜರನ್ನು, ಅಂದರೆ ಪಂಚರ ಸಮ್ಮುಖದಲ್ಲಿ ವಸ್ತುವನ್ನು ವಶಪಡಿಸಿಕೊಂಡ ಬಗ್ಗೆ ಪೊಲೀಸರು ಬರೆದ ದಾಖಲೆಯನ್ನು, ಗಮನವಿಟ್ಟು ಪರಿಶೀಲಿಸಬೇಕು: ಪಂಚರು ನ್ಯಾಯಾಲಯದಲ್ಲಿ ಅದನ್ನು ಒಪ್ಪಿದ್ದಾರೆಯೇ, ಮುದ್ದೆಮಾಲನ್ನು, ಅಂದರೆ ವಶಪಡಿಸಿಕೊಂಡ ಆ ವಸ್ತುವನ್ನು, ಸ್ಥಳದಲ್ಲೇ ಅರಗಿನಿಂದ ಮೊಹರು ಮಾಡಿ ಸಹಿಯ ಚೀಟಿ ಅಂಟಿಸಲಾಗಿತ್ತೇ, ಠಾಣೆಯಿಂದ ಪರೀಕ್ಷೆಗೆ ಹೋಗುವವರೆಗೆ ಆ ಮೊಹರು ಹಾಗೆಯೇ ಇತ್ತೇ, ಅದು ಗುಂಡು ಹಾರಿಸಬಲ್ಲ ಆಯುಧವೆಂದು ತಜ್ಞರು ವರದಿ ಕೊಟ್ಟಿದ್ದಾರೆಯೇ. ಪಂಚರು ಪ್ರತಿಕೂಲವಾಗಿ ನುಡಿದ ಮಾತ್ರಕ್ಕೆ ಪ್ರಕರಣ ಬಿದ್ದುಹೋಗುವುದಿಲ್ಲ, ಏಕೆಂದರೆ ನಂಬಲರ್ಹವಾದ ಪೊಲೀಸ್ ಸಾಕ್ಷ್ಯವನ್ನೂ ನ್ಯಾಯಾಲಯ ಒಪ್ಪಬಹುದು.

ಇನ್ನೊಂದು ಆಧಾರ ಪೂರ್ವಾನುಮತಿಯದು. 3ನೇ ಕಲಮಿನ ಉಲ್ಲಂಘನೆಗೆ ಮೊಕದ್ದಮೆ ಹೂಡಲು ಜಿಲ್ಲಾ ಮ್ಯಾಜಿಸ್ಟ್ರೇಟರ, ಪೊಲೀಸ್ ಕಮಿಷನರ್ ಇರುವ ಬೆಂಗಳೂರಿನಂಥ ನಗರಗಳಲ್ಲಾದರೆ ಕಮಿಷನರರ, ಪೂರ್ವಾನುಮತಿ ಬೇಕೆಂದು ಕಾಯ್ದೆಯ 39ನೇ ಕಲಮು ವಿಧಿಸಿದೆ. ಅನುಮತಿ ಪತ್ರ ಕಡತದಲ್ಲಿ ಇಲ್ಲವೇ ಇಲ್ಲವೆಂದರೆ ಆಕ್ಷೇಪ ಗಟ್ಟಿಯಾದುದು. ಪತ್ರವಿದ್ದು ಅದರಲ್ಲಿ ದೋಷ ಮಾತ್ರವಿದ್ದರೆ, ಆ ದೋಷದಿಂದ ನ್ಯಾಯಕ್ಕೆ ಭಂಗವಾಗಿದೆಯೇ, ವಿಚಾರಣೆಯ ಹಂತದಲ್ಲೇ ಅದನ್ನು ಎತ್ತಲಾಗಿತ್ತೇ ಎಂದು ಮೇಲ್ಮನವಿ ನ್ಯಾಯಾಲಯ ಕೇಳುತ್ತದೆ.

ಪರವಾನಗಿ ಅಥವಾ ವಿನಾಯಿತಿಯ ದಾಖಲೆ ಇದ್ದೂ ವಿಚಾರಣೆಯಲ್ಲಿ ಹಾಜರಾಗದೆ ಉಳಿದಿದ್ದರೆ, ಅದಕ್ಕೆ ಕಾರಣವನ್ನು ತಿಳಿಸಿ, ಹೆಚ್ಚುವರಿ ಸಾಕ್ಷ್ಯವಾಗಿ ಸ್ವೀಕರಿಸುವಂತೆ ಸಂಹಿತೆಯ 432ನೇ ಕಲಮಿನಡಿ ಕೋರಬಹುದು. ಕೊಡಗಿನ ಕೊಡವರಿಗೂ ವಂಶಪಾರಂಪರ್ಯವಾದ ಜಮ್ಮಾ ಭೂಮಿಯ ಹಿಡುವಳಿದಾರರಿಗೂ ಪರವಾನಗಿಯಿಂದ ಇರುವ ವಿನಾಯಿತಿಯನ್ನು ಕೇಂದ್ರ ಸರ್ಕಾರ 2029ರವರೆಗೆ ವಿಸ್ತರಿಸಿರುವುದರಿಂದ, ಅಲ್ಲಿನವರ ಪಾಲಿಗೆ ಈ ದಾಖಲೆ ನಿರ್ಣಾಯಕವಾಗಬಲ್ಲದು.

ತಪ್ಪೊಪ್ಪಿಕೊಂಡು ಶಿಕ್ಷೆ ಪಡೆದವರು ಸಾಮಾನ್ಯವಾಗಿ ಶಿಕ್ಷೆಯ ಪ್ರಮಾಣ ಅಥವಾ ಅದರ ಕಾನೂನುಬದ್ಧತೆಯನ್ನು ಮಾತ್ರ ಪ್ರಶ್ನಿಸಬಹುದು. ಕೃತ್ಯ 2019ರ ತಿದ್ದುಪಡಿಗೆ ಮೊದಲಿನದಾದರೆ ಹಳೆಯ ಪ್ರಮಾಣವೇ, ಅಂದರೆ 1ರಿಂದ 3 ವರ್ಷವೇ, ಅನ್ವಯಿಸುತ್ತದೆಂಬುದನ್ನೂ, ವಿಚಾರಣಾಧೀನ ಕೈದಿಯಾಗಿ ಕಳೆದ ದಿನಗಳನ್ನು ಶಿಕ್ಷೆಯಲ್ಲಿ ಕಳೆಯಬೇಕೆಂಬುದನ್ನೂ ಮರೆಯದೆ ಬರೆಯಬೇಕು. ಆಪಾದಿತರೇ ಹೂಡಿದ ಮೇಲ್ಮನವಿಯಲ್ಲಿ ನ್ಯಾಯಾಲಯ ಶಿಕ್ಷೆಯನ್ನು ಹೆಚ್ಚಿಸುವಂತಿಲ್ಲವಾದರೂ, ಹೆಚ್ಚಳ ಕೋರಿ ಸರ್ಕಾರ ಪ್ರತ್ಯೇಕವಾಗಿ ಮೇಲ್ಮನವಿ ಸಲ್ಲಿಸಬಹುದು.

ಸೆಷನ್ಸ್ ನ್ಯಾಯಾಲಯ ಮೇಲ್ಮನವಿಯನ್ನು ತಳ್ಳಿಹಾಕಿದರೆ 90 ದಿನಗಳೊಳಗೆ ಹೈಕೋರ್ಟಿಗೆ ಪುನರ್‌ಪರಿಶೀಲನಾ ಅರ್ಜಿ ಸಲ್ಲಿಸಲು ಅವಕಾಶವಿದೆ. ಜಿಲ್ಲೆಗೆ ತಕ್ಕಂತೆ ಅದು ಬೆಂಗಳೂರು, ಧಾರವಾಡ ಅಥವಾ ಕಲಬುರಗಿ ಪೀಠದ ಮುಂದೆ ಹೋಗುತ್ತದೆ. ವಕೀಲರ ಶುಲ್ಕ ಭರಿಸಲಾಗದವರು ಪ್ರತಿ ಜಿಲ್ಲೆಯಲ್ಲಿರುವ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರವನ್ನು ಕಾಣಬಹುದು ಅಥವಾ 15100 ಸಂಖ್ಯೆಗೆ ಕರೆ ಮಾಡಬಹುದು. ಬಂಧನದಲ್ಲಿರುವವರು, ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು ಆದಾಯದ ಮಿತಿಯಿಲ್ಲದೆ ಉಚಿತ ವಕೀಲರನ್ನು ಪಡೆಯಲು 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯಡಿ ಅರ್ಹರು.