ಮನಸ್ಸು ಮಾಡಿದರೆ ಸಾಕೇ?

ಅಂದು ಸಂಜೆ ನಮ್ಮ ಕಲಿಕಾ ಕೇಂದ್ರದಲ್ಲಿ ಓದು ಮುಗಿಯಿತು. ಎಲ್ಲರೂ ಚಾಪೆಯಿಂದ ಎದ್ದರು. ಒಬ್ಬ ಅಕ್ಕ ಮಾತ್ರ ಏಳಲು ಆಗದೆ ಗೋಡೆ ಹಿಡಿದರು.

"ಮಂಡಿ ನೋವು ಟೀಚರಮ್ಮ. ನಿನ್ನೆ ಆಸ್ಪತ್ರೆಗೆ ಹೋಗಿದ್ದೆ. ತೂಕ 74 ಕಿಲೋ ಅಂತೆ. ಸಕ್ಕರೆ ಕಾಯಿಲೆನೂ ಶುರುವಾಗಿದೆ ಅಂತೆ. ತೂಕ ಇಳಿಸಬೇಕು ಅಂದ್ರು ಡಾಕ್ಟ್ರು."

"ಮನಸ್ಸು ಗಟ್ಟಿ ಮಾಡ್ಕೋ ಅಕ್ಕ, ತಾನೇ ಇಳಿಯುತ್ತೆ" ಎಂದಳು ಪಕ್ಕದಾಕೆ.

ಅಕ್ಕನಿಗೆ ಸಿಟ್ಟು ಬಂತು. "ನಾನೇನು ಮನಸ್ಸು ಮಾಡಿಲ್ವಾ? ಹೋದ ವರ್ಷ ರಾತ್ರಿ ಊಟನೇ ಬಿಟ್ಟೆ. ನಾಲ್ಕು ದಿನ ತಡೆದೆ. ಐದನೇ ದಿನ ತಲೆ ಸುತ್ತು ಬಂತು. ಎರಡು ಮುದ್ದೆ ಉಂಡು ಮಲಗಿದೆ!"

ಎಲ್ಲರೂ ನಕ್ಕರು. ನಾವೂ ನಕ್ಕೆವು. ನಮ್ಮ ಕಥೆಯೂ ಅದೇ. ತೂಕ ಇಳಿಸಲು ಸೋಮವಾರ ಒಪ್ಪೊತ್ತು ಹಿಡಿದಿದ್ದೆವು. ಅನ್ನ ಬಿಟ್ಟೆವು. ಬದಲಿಗೆ ಎರಡು ತಟ್ಟೆ ಉಪ್ಪಿಟ್ಟು, ಬಾಳೆಹಣ್ಣು, ಹಾಲು! ತೂಕ ಹೇಗೆ ಇಳಿದೀತು?

ಒಂದು ಎಚ್ಚರಿಕೆ. ಸಕ್ಕರೆ ಕಾಯಿಲೆಗೆ ಮಾತ್ರೆ ನುಂಗುವವರು ಊಟ ಬಿಡಬಾರದು. ರಕ್ತದಲ್ಲಿ ಸಕ್ಕರೆ ತೀರಾ ಕಡಿಮೆಯಾಗಿ ಕಣ್ಣು ಕತ್ತಲೆ ಬರಬಹುದು. ಡಾಕ್ಟರನ್ನು ಕೇಳಿಯೇ ಊಟ ಬದಲಿಸಬೇಕು.

ಮರುದಿನ ನಾವು ಪಾಠ ಮಾಡಲಿಲ್ಲ. ಅಕ್ಕನ ಲೆಕ್ಕ ಮಾಡಿದೆವು. ಅಕ್ಕ ದಿನಕ್ಕೆ 4 ಲೋಟ ಟೀ ಕುಡಿಯುತ್ತಾರೆ. ಲೋಟಕ್ಕೆ 2 ಚಮಚ ಸಕ್ಕರೆ. ದಿನಕ್ಕೆ 8 ಚಮಚ ಆಯಿತು. ಒಂದು ಚಮಚ ಅಂದರೆ ಸುಮಾರು 5 ಗ್ರಾಂ. ದಿನಕ್ಕೆ 40 ಗ್ರಾಂ. ತಿಂಗಳಿಗೆ 1,200 ಗ್ರಾಂ. ಅಂದರೆ ಒಂದು ಕಿಲೋ ಇನ್ನೂರು ಗ್ರಾಂ!

"ಟೀಲೇ ಇಷ್ಟೊಂದಾ?" ಅಕ್ಕ ಬಾಯಿ ಮೇಲೆ ಕೈ ಇಟ್ಟರು.

ಎಣ್ಣೆ ಇನ್ನೂ ಜೋರು. ಊಟ ಕೊಡುವ ಶಕ್ತಿಯನ್ನು ಕ್ಯಾಲೊರಿ ಎಂದು ಅಳೆಯುತ್ತಾರೆ. 1 ಗ್ರಾಂ ಸಕ್ಕರೆಯಲ್ಲಿ 4 ಕ್ಯಾಲೊರಿ. 1 ಗ್ರಾಂ ಎಣ್ಣೆಯಲ್ಲಿ 9. ನಾವು ಖರ್ಚು ಮಾಡದ ಶಕ್ತಿ ಮೈಯಲ್ಲಿ ಕೊಬ್ಬಾಗಿ ಕೂರುತ್ತದೆ. ಅಕ್ಕ ಎಣ್ಣೆಯನ್ನು ಡಬ್ಬದಿಂದ ನೇರ ಬಾಣಲೆಗೆ ಸುರಿಯುತ್ತಿದ್ದರು. ಈಗ ಚಮಚದಲ್ಲಿ ಅಳೆದು ಹಾಕುತ್ತಾರೆ.

ಇನ್ನೊಂದು ಮಾತು ಯಾರೂ ಹೇಳುವುದಿಲ್ಲ. ಮಕ್ಕಳು ತಟ್ಟೆಯಲ್ಲಿ ಬಿಟ್ಟದ್ದನ್ನು ಯಾರು ತಿನ್ನುತ್ತಾರೆ? ನಾವೇ! ಚೆಲ್ಲೋಕೆ ಮನಸ್ಸು ಬರಲ್ಲ. ಅಕ್ಕ ಈಗ ಮಕ್ಕಳಿಗೆ ಮೊದಲು ಕಡಿಮೆ ಬಡಿಸುತ್ತಾರೆ. ಬೇಕಾದರೆ ಮತ್ತೆ ಹಾಕುತ್ತಾರೆ.

"ಮನೆಗೆಲಸ ಮಾಡ್ತೀವಲ್ಲ, ನಡೆಯೋದು ಬೇರೆ ಯಾಕೆ?" ಎಂದು ಕೆಲವರು ಕೇಳಿದರು. ಹೊಲದಲ್ಲಿ ದಿನವಿಡೀ ದುಡಿಯುವವರಿಗೆ ಬೇರೆ ನಡಿಗೆ ಬೇಕಿಲ್ಲ. ಆದರೆ ಅಕ್ಕ ಕೂತು ಬೀಡಿ ಕಟ್ಟುತ್ತಾರೆ. ನೀರು ನಲ್ಲಿಯಲ್ಲಿ ಬರುತ್ತದೆ. ರುಬ್ಬುವುದು ಮಿಕ್ಸಿ. ವಾರಕ್ಕೆ 150 ನಿಮಿಷವಾದರೂ ಚುರುಕಾಗಿ ನಡೆಯಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ದಿನಕ್ಕೆ 30 ನಿಮಿಷದಂತೆ ಐದು ದಿನ ಆಯಿತು. ಮಂಡಿ ನೋವಿದ್ದುದರಿಂದ ಅಕ್ಕ 10 ನಿಮಿಷದಿಂದ ಶುರು ಮಾಡಿದರು.

ಒಬ್ಬರೇ ಹೊರಟರೆ ಊರವರು "ಎಲ್ಲಿಗಮ್ಮ ಸವಾರಿ?" ಎನ್ನುತ್ತಾರೆ. ಅದಕ್ಕೇ ನಾಲ್ಕು ಜನ ಸೇರಿ ಕೆರೆ ಏರಿಗೆ ಹೋದರು. ಒಬ್ಬರು ಬೇಡ ಅಂದರೂ ಮೂವರು ಬಂದು ಬಾಗಿಲು ತಟ್ಟುತ್ತಿದ್ದರು.

ಮೊದಲ ತಿಂಗಳು ತೂಕ ಇಳಿಯಲೇ ಇಲ್ಲ. ಅಕ್ಕ ಅತ್ತೇ ಬಿಟ್ಟರು. ಎರಡನೇ ತಿಂಗಳು 73. ಅಷ್ಟರಲ್ಲಿ ಯುಗಾದಿ ಬಂತು. ಹೋಳಿಗೆ, ತುಪ್ಪ. ಎಂಟು ದಿನ ನಡಿಗೆಯೂ ಇಲ್ಲ, ಲೆಕ್ಕವೂ ಇಲ್ಲ. "ನನ್ನ ಕೈಲಿ ಆಗಲ್ಲ ಬಿಡಿ" ಎಂದರು. ಮನಸ್ಸು ಬೇಕಾದದ್ದು ಆಗ. ಒಂಬತ್ತನೇ ದಿನ ಮತ್ತೆ ಚಪ್ಪಲಿ ಮೆಟ್ಟಿ ಹೊರಡುವುದಕ್ಕೆ. ದಿನಾ ಸಕ್ಕರೆ ಡಬ್ಬದ ಜೊತೆ ಕುಸ್ತಿ ಆಡಲು ಮನಸ್ಸನ್ನು ಬಿಡಬಾರದು, ಅದು ಸೋಲುತ್ತದೆ. ಅಕ್ಕ ಡಬ್ಬವನ್ನು ಅಟ್ಟದ ಮೇಲೆ ಇಟ್ಟರು. ಮಂಡಿ ನೋವಿನವರು ಎಷ್ಟು ಸಲ ಹತ್ತಿ ಇಳಿದಾರು!

ಐದನೇ ತಿಂಗಳು 70 ಕಿಲೋ. ಸಕ್ಕರೆಯೂ ಕಡಿಮೆಯಾಗಿದೆ. ಮಾತ್ರೆ ಬಿಟ್ಟಿಲ್ಲ, ಬಿಡಲೂ ಬಾರದು. ಮೊನ್ನೆ ಚಾಪೆಯಿಂದ ಗೋಡೆ ಹಿಡಿಯದೆ ಎದ್ದರು.

ಇದು ಎಲ್ಲರಿಗೂ ಹೇಳಿದ ಮಾತಲ್ಲ. 2019ರಿಂದ 2021ರವರೆಗೆ ದೇಶದಲ್ಲಿ ಕುಟುಂಬ ಆರೋಗ್ಯ ಸಮೀಕ್ಷೆ ನಡೆಯಿತು. 15ರಿಂದ 49 ವರ್ಷದ ಹೆಂಗಸರಲ್ಲಿ ನೂರಕ್ಕೆ 24 ಜನರ ತೂಕ ಹೆಚ್ಚಿತ್ತು. ಸುಮಾರು 19 ಜನರ ತೂಕ ತೀರಾ ಕಡಿಮೆ ಇತ್ತು. ತೆಳ್ಳಗಿರುವವರು, ಬಸುರಿಯರು ಊಟ ಕಡಿಮೆ ಮಾಡಬಾರದು. ಥೈರಾಯ್ಡ್ ತೊಂದರೆಯಿಂದಲೂ ಕೆಲವರ ತೂಕ ಏರುತ್ತದೆ. ಮೊದಲು ಆರೋಗ್ಯ ಕೇಂದ್ರದಲ್ಲಿ ತೋರಿಸಿ.

ಲೆಕ್ಕ ಮಾಡಿ, ಬರೆಯಿರಿ:
ನಾನು ದಿನಕ್ಕೆ ಕುಡಿಯುವ ಟೀ ....... ಲೋಟ.
ಲೋಟಕ್ಕೆ ಹಾಕುವ ಸಕ್ಕರೆ ....... ಚಮಚ.
ತಿಂಗಳಿಗೆ ಆಗುವ ಸಕ್ಕರೆ ....... ಗ್ರಾಂ.
ನನ್ನ ಜೊತೆ ನಡೆಯಲು ಬರುವವರ ಹೆಸರು .......