ಆರ್ಕಿಡ್ ಎಲೆ ಏನು ಹೇಳುತ್ತದೆ?

ದ್ವಿತೀಯ ಪಿಯುಸಿ ಜೀವಶಾಸ್ತ್ರದಲ್ಲಿ ಕಾಮೆನ್ಸಲಿಸಂಗೆ ಉದಾಹರಣೆಯಾಗಿ ಮಾವಿನ ಕೊಂಬೆಯ ಮೇಲಿನ ಆರ್ಕಿಡ್ ಬರುತ್ತದೆ. ಅದನ್ನು ಬಾಯಿಪಾಠ ಮಾಡಿ ಮುಂದೆ ಹೋಗುತ್ತೇವೆ. ಆದರೆ ಆರ್ಕಿಡ್ ಸಾಕುವವರಿಗೆ ಅರ್ಧ ಪಾಠ ಅಲ್ಲೇ ಇದೆ. ಕೊಂಬೆಯ ಮೇಲೆ ಎಂದರೆ ಎಲೆಗಳ ನಡುವೆ ಸೋಸಿ ಬರುವ ಬೆಳಕು, ಬೇರಿಗೆ ಸದಾ ಗಾಳಿ, ಮಳೆಗೆ ನೆನೆದು ಬೇಗ ಒಣಗುವ ತೊಗಟೆ. ನಮ್ಮ ಘಟ್ಟದ ಸೀತಾಳೆ ದಂಡೆ ಬದುಕುವುದು ಹೀಗೆಯೇ. ಬಂದಳಿಕೆಯಂತೆ ಅದು ಮರದ ರಸ ಹೀರುವುದಿಲ್ಲ.

ಕಳೆದ ಮೇ ತಿಂಗಳಲ್ಲಿ ನಮ್ಮ ವಿದ್ಯಾರ್ಥಿನಿಯೊಬ್ಬಳು ಒಂದು ಎಲೆಯ ಫೋಟೋ ಕಳುಹಿಸಿದ್ದಳು. ಅವಳ ಉಮ್ಮ ಸ್ವಸಹಾಯ ಸಂಘದಿಂದ ಸಾಲ ಪಡೆದು 40 ಡೆಂಡ್ರೋಬಿಯಂ ಕುಂಡ ತರಿಸಿದ್ದರು. ಹೂ ಮಾರಿ ಕಂತು ಕಟ್ಟುವ ಲೆಕ್ಕ. ಮನೆಯ ಉತ್ತರದ ಜಗಲಿಯಲ್ಲಿ ಡಿಸೆಂಬರಿನಿಂದ ಚೆನ್ನಾಗಿಯೇ ಇದ್ದ ಗಿಡಗಳ ಎಲೆಯಲ್ಲಿ ಈಗ ಬಿಳಿಚಿದ ಕಲೆ. ಯಾರೋ ರೋಗ ಎಂದರು, ಶಿಲೀಂಧ್ರನಾಶಕ ಹೊಡೆದೂ ಆಗಿತ್ತು. ಕಲೆ ಹಾಗೆಯೇ ಇತ್ತು.

ಕಾರಣ ಆಕಾಶದಲ್ಲಿತ್ತು. ಕರಾವಳಿಯ ನಾವು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದ್ದೇವೆ. ಏಪ್ರಿಲ್ ಕೊನೆಯ ವಾರದಲ್ಲಿ ಮಧ್ಯಾಹ್ನದ ಸೂರ್ಯ ನೆತ್ತಿಯ ಮೇಲೆ ಬಂದು, ಆಗಸ್ಟ್ ಮಧ್ಯದವರೆಗೆ ನಮಗಿಂತ ಉತ್ತರದಲ್ಲೇ ಇರುತ್ತಾನೆ. ಡಿಸೆಂಬರಿನಲ್ಲಿ ನೆರಳಿದ್ದ ಉತ್ತರದ ಜಗಲಿಗೆ ಮೇ ತಿಂಗಳಲ್ಲಿ ನೇರ ಬಿಸಿಲು ಬೀಳುತ್ತದೆ. ಗಿಡವನ್ನು ಯಾರೂ ಕದಲಿಸಿರಲಿಲ್ಲ, ಆದರೂ ಅದರ ಜಾಗ ಬದಲಾಗಿತ್ತು.

ಬಿಸಿಲು ಇದಕ್ಕೆ ಇಷ್ಟೊಂದು ತಾಗುವುದೇಕೆ? ದಪ್ಪ ಎಲೆಯ ಎಷ್ಟೋ ಆರ್ಕಿಡ್‌ಗಳು ನೀರು ಉಳಿಸಲು ಹಗಲು ಪತ್ರರಂಧ್ರ ಮುಚ್ಚಿಕೊಂಡು, ರಾತ್ರಿ ತೆರೆದು ಇಂಗಾಲದ ಡೈಆಕ್ಸೈಡ್ ಹಿಡಿದಿಡುತ್ತವೆ. ಕಳ್ಳಿ, ಅನಾನಸಿನದೂ ಇದೇ ಕ್ರಮ. ರಂಧ್ರ ಮುಚ್ಚಿದ್ದರೆ ಬಾಷ್ಪವಿಸರ್ಜನೆ ಕಡಿಮೆ. ಬೆವರದ ಮೈಯಂತೆ ಎಲೆ ಕಾಯುತ್ತದೆ. ಮಧ್ಯಾಹ್ನ ಎಲೆಯನ್ನು ಮುಟ್ಟಿ ನೋಡಿ. ಬಿಸಿ ಹತ್ತಿದರೆ ಅದನ್ನು ಕೂಡಲೇ ನೆರಳಿಗೆ ಸರಿಸಿ, ಕಲೆ ಬೀಳುವವರೆಗೆ ಕಾಯಬೇಡಿ.

ಎಷ್ಟು ಬೆಳಕು ಸಾಕು ಎಂಬುದು ಜಾತಿಯ ಮೇಲೆ ಹೋಗುತ್ತದೆ. ಬಯಲಿನ ಮಧ್ಯಾಹ್ನದ ಬೆಳಕು ಸುಮಾರು 1 ಲಕ್ಷ ಲಕ್ಸ್. ಅಗಲ ಎಲೆಯ ಫೆಲನಾಪ್ಸಿಸ್‌ಗೆ 10ರಿಂದ 15 ಸಾವಿರ ಸಾಕು. ಡೆಂಡ್ರೋಬಿಯಂಗೆ ಅದರ ಇಮ್ಮಡಿಯಾದರೂ ಬೇಕು, ಅಂದರೆ ಶೇ. 50ರ ಶೇಡ್ ನೆಟ್. ವಾಂಡಾಗೆ ಇನ್ನೂ ಹೆಚ್ಚು. ಮೀಟರ್ ಇಲ್ಲದಿದ್ದರೆ ಮಧ್ಯಾಹ್ನ ಗಿಡದಿಂದ ಒಂದು ಅಡಿ ಮೇಲೆ ಅಂಗೈ ಹಿಡಿಯಿರಿ. ನೆರಳಿನ ಅಂಚು ಗೆರೆ ಎಳೆದಂತಿದ್ದರೆ ಬೆಳಕು ಜಾಸ್ತಿ. ಬೆರಳುಗಳು ಗೊತ್ತಾಗಿ ಅಂಚು ಮಸುಕಾಗಿದ್ದರೆ ಡೆಂಡ್ರೋಬಿಯಂಗೆ ಸರಿ. ನೆರಳೇ ಕಾಣದಿದ್ದರೆ ಹೂ ಬರುವುದು ಕಷ್ಟ.

ಎಲೆಯ ಬಣ್ಣವೂ ಸುಳಿವು ಕೊಡುತ್ತದೆ. ಕಡು ಹಸಿರು ಎಲೆ ನೋಡಿ ‘ಮಾಷಾ ಅಲ್ಲಾಹ್, ಎಷ್ಟು ಚಂದ’ ಎನ್ನುತ್ತೇವೆ, ಆದರೆ ಆರ್ಕಿಡ್‌ನಲ್ಲಿ ಅದು ಬೆಳಕು ಸಾಲದ ಗುರುತು. ಎಳೆ ಹುಲ್ಲಿನಂಥ ತಿಳಿ ಹಸಿರು ಇರಬೇಕು. ಹಳದಿಗೆ ಅಥವಾ ಕೆಂಪಿಗೆ ತಿರುಗಿದರೆ ಬೆಳಕು ಮಿತಿ ಮುಟ್ಟಿದೆ. ಬುಡದ ಹಳೆಯ ಎಲೆ ಒಂದೊಂದೇ ಹಳದಿಯಾಗಿ ಉದುರುವುದು ಮಾತ್ರ ಸಹಜ. ಎಲೆ ಸುಕ್ಕುಗಟ್ಟಿದರೆ ನೀರು ಸುರಿಯುವ ಮೊದಲು ಬೇರು ನೋಡಿ: ಒಣಗಿದಾಗ ಬೆಳ್ಳಗೆ, ನೆನೆದಾಗ ಹಸಿರಾಗಿ, ಒತ್ತಿದರೆ ಗಟ್ಟಿಯಾಗಿದ್ದರೆ ಬೇರು ಜೀವಂತ, ಬಾಯಾರಿದೆ ಅಷ್ಟೆ. ಕಂದಾಗಿ ಮೆತ್ತಗಿದ್ದರೆ ಕೊಳೆತಿದೆ, ಇನ್ನಷ್ಟು ನೀರು ಕೊಟ್ಟರೆ ಗಿಡವೇ ಹೋಗುತ್ತದೆ.

ಇನ್ನು ನನ್ನ ತಪ್ಪಿನ ಮಾತು. ಅಂದು ನಾನು, ‘ಇದು ಬಿಸಿಲಿನ ಸುಟ್ಟಗಾಯ, ಹರಡುವುದಿಲ್ಲ, ಹೆದರಬೇಡಿ’ ಎಂದಿದ್ದೆ. ಅಷ್ಟು ಸರಿಯೇ. ಆದರೆ ಸತ್ತ ಜೀವಕೋಶದ ಮೇಲೆ ಮಳೆಗಾಲದಲ್ಲಿ ಶಿಲೀಂಧ್ರ, ಬ್ಯಾಕ್ಟೀರಿಯಾ ನೆಲೆಸಬಹುದು ಎಂದು ಹೇಳಲಿಲ್ಲ. ಜೂನ್ ಕೊನೆಯಲ್ಲಿ ಅದೇ ಎಲೆಗಳಲ್ಲಿ ಮತ್ತೆ ಕಲೆ ಕಂಡಾಗ, ಸರ್ ಹೇಳಿದ್ದಾರಲ್ಲ ಎಂದು ಅವರು ಸುಮ್ಮನಿದ್ದರು. 11 ಕುಂಡ ಕೊಳೆತವು.

ಎರಡನ್ನೂ ಬೇರೆ ಮಾಡುವುದು ಕಷ್ಟವಲ್ಲ. ಸುಟ್ಟ ಕಲೆ ಬಿಸಿಲಿಗೆ ಮುಖಮಾಡಿದ ಕಡೆ ಮಾತ್ರ ಇರುತ್ತದೆ, ಒಣಗಿ ಕಾಗದದಂತಾಗುತ್ತದೆ, ಬೆಳೆಯುವುದಿಲ್ಲ. ಬ್ಯಾಕ್ಟೀರಿಯಾ ಕೊಳೆ ಕುದಿನೀರು ಬಿದ್ದಂತೆ ಒದ್ದೆಯಾಗಿ, ಮೆತ್ತಗೆ, ವಾಸನೆಯೊಡನೆ ಬೇಗ ಬೇಗ ಹರಡುತ್ತದೆ. ಶಿಲೀಂಧ್ರದ ಕಲೆ ಕಪ್ಪಾಗಿ, ಸುತ್ತ ಹಳದಿ ಅಂಚಿನೊಂದಿಗೆ, ಕೆಲವೊಮ್ಮೆ ಉಂಗುರ ಉಂಗುರವಾಗಿ ನಿಧಾನಕ್ಕೆ ಬೆಳೆಯುತ್ತದೆ. ಅನುಮಾನವಿದ್ದರೆ ಕಲೆಯ ಅಂಚಿಗೆ ಪೆನ್ನಿನಿಂದ ಗೆರೆ ಹಾಕಿ, ಎರಡು ದಿನ ಬಿಟ್ಟು ನೋಡಿ. ಗೆರೆ ದಾಟಿದ್ದರೆ ಬ್ಲೇಡನ್ನು ಬೆಂಕಿಗೆ ಹಿಡಿದು ತಣಿಸಿ, ಒಂದಿಷ್ಟು ಒಳ್ಳೆಯ ಭಾಗವೂ ಸೇರುವಂತೆ ಕತ್ತರಿಸಿ. ಪ್ರತಿ ಗಿಡಕ್ಕೂ ಬ್ಲೇಡನ್ನು ಮತ್ತೆ ಬೆಂಕಿಗೆ ಹಿಡಿಯಬೇಕು. ಅಡಿಕೆಗೆ ಮಾಡಿದ ಬೋರ್ಡೋ ದ್ರಾವಣ ಉಳಿದಿದೆಯೆಂದು ಇದಕ್ಕೆ ಹೊಡೆಯಬೇಡಿ. ಡೆಂಡ್ರೋಬಿಯಂಗೆ ತಾಮ್ರ ಆಗಿಬರುವುದಿಲ್ಲ.

ಉಳಿದ 29 ಕುಂಡಗಳನ್ನು ನೆಟ್ಟಿನ ಕೆಳಗೆ, ಮಳೆ ತಾಗದಂತೆ ಮೇಲೆ ಪ್ಲಾಸ್ಟಿಕ್ ಹಾಕಿ, ಒಂದಕ್ಕೊಂದು ಮುಟ್ಟದಷ್ಟು ದೂರ ಇಟ್ಟಿದ್ದಾರೆ. ಮಣ್ಣಿಲ್ಲ, ಇದ್ದಿಲು, ಇಟ್ಟಿಗೆ ಚೂರು, ತೆಂಗಿನ ಸಿಪ್ಪೆ ಮಾತ್ರ. ಹಳೆಯ ಎಲೆಗಳ ಕಲೆ ಈಗಲೂ ಹಾಗೆಯೇ ಇದೆ. ಹೊಸ ಚಿಗುರು ತಿಳಿ ಹಸಿರಾಗಿದೆ, ಕಳೆದ ವಾರ 6 ಕುಂಡಗಳಲ್ಲಿ ಮೊಗ್ಗಿನ ಕಡ್ಡಿ ಎದ್ದಿದೆಯಂತೆ.