ಪಡೆದವನು ಯಾರು? – ಅಮೆರಿಕದ ನೆರವಿನ ಜಮಾ-ಖರ್ಚು

ಬಿ.ಕಾಂ. ಸೇರಿದವರಿಗೆ ಮೊದಲ ತಿಂಗಳಲ್ಲೇ ಒಂದು ಸೂತ್ರ ಬಾಯಿಪಾಠ ಮಾಡಿಸುತ್ತಾರೆ: ಡೆಬಿಟ್ ದಿ ರಿಸೀವರ್, ಕ್ರೆಡಿಟ್ ದಿ ಗಿವರ್. ಅಂದರೆ ಪಡೆದವನ ಹೆಸರಿಗೆ ಖರ್ಚು ಬರೆ, ಕೊಟ್ಟವನ ಹೆಸರಿಗೆ ಜಮಾ ಬರೆ. ಆರ್ಟ್ಸ್, ಸೈನ್ಸ್ ಗೆಳೆಯರಿಗೆ ಇದು ಹೊಸದಿರಬಹುದು, ಆದರೆ ಕಷ್ಟವೇನಲ್ಲ. ಕಷ್ಟವಿರುವುದು ನಿಜವಾಗಿ ಪಡೆದವನು ಯಾರು ಅಂತ ಗುರುತಿಸುವುದರಲ್ಲಿ. ಶ್ರೀಮಂತ ದೇಶವೊಂದು ಬಡದೇಶಕ್ಕೆ ಕೊಡುವ ನೆರವಿನ ವಿಷಯದಲ್ಲಂತೂ ಈ ಕಷ್ಟ ಬಹಳ ದೊಡ್ಡದು. ಅಮೆರಿಕದ ಉದಾಹರಣೆ ಇಟ್ಟುಕೊಂಡು ಇದನ್ನು ಸ್ವಲ್ಪ ಬಿಡಿಸಿ ನೋಡೋಣ.

ನನಗೆ ಈ ವಿಷಯ ಹೊಳೆದದ್ದು ಪುಸ್ತಕದಿಂದಲ್ಲ, ನಮ್ಮ ಅಜ್ಜನಿಂದ. ನಮ್ಮದು ಅಕ್ಕಲಕೋಟೆ ತಾಲೂಕು. ಅಲ್ಲಿಯ ಕನ್ನಡ ಶಾಲೆಯಲ್ಲಿ ಓದಿ ನಾನು ಪುಣೆಗೆ ಬಂದವನು. ಕಳೆದ ರಜೆಯಲ್ಲಿ ಊರಿಗೆ ಹೋದಾಗ ಊಟದ ಹೊತ್ತಿಗೆ ಅಜ್ಜ 1966ರ ಬರಗಾಲದ ಮಾತು ತೆಗೆದರು. ಆಗ ಅವರು ಹನ್ನೆರಡು ವರ್ಷದ ಹುಡುಗ. "ರೇಶನ್ ಅಂಗಡ್ಯಾಗ ಕೆಂಪು ಜ್ವಾಳ ಕೊಡತಿದ್ರಪಾ, ಮೈಲೋ ಅಂತಿದ್ರು. ರೊಟ್ಟಿ ಬಡದ್ರ ಹರೀತಿತ್ತು. ಆದ್ರ ಅದೂ ಇರಲಿಲ್ಲಂದ್ರ ನಾವು ಇರತಿದ್ದಿಲ್ಲ" ಅಂದರು. ಕಾಲೇಜಿಗೆ ಮರಳಿದ ಮೇಲೆ ಲೈಬ್ರರಿಯಲ್ಲಿ ಹುಡುಕಿ ನೋಡಿದೆ. ಮೈಲೋ ಅಮೆರಿಕದಲ್ಲಿ ಹೆಚ್ಚಾಗಿ ದನಗಳಿಗೆ ಹಾಕುತ್ತಿದ್ದ ಜೋಳ. ಅದು ಇಲ್ಲಿಗೆ ಬಂದದ್ದು ಪಿ.ಎಲ್. 480 ಎಂಬ ಕಾನೂನಿನ ಕೆಳಗೆ.

ಈ ಕಾನೂನಿಗೆ ಅಮೆರಿಕದ ಅಧ್ಯಕ್ಷ ಐಸೆನ್‌ಹೋವರ್ ಸಹಿ ಹಾಕಿದ್ದು 1954ರ ಜುಲೈಯಲ್ಲಿ. ಅದರ ಪೂರ್ತಿ ಹೆಸರನ್ನು ಕನ್ನಡಕ್ಕೆ ತಂದರೆ 'ಕೃಷಿ ವ್ಯಾಪಾರ ಅಭಿವೃದ್ಧಿ ಮತ್ತು ಸಹಾಯ ಕಾಯ್ದೆ' ಎಂದಾಗುತ್ತದೆ. ಗಮನಿಸಿ, ವ್ಯಾಪಾರ ಮೊದಲು, ಸಹಾಯ ಆಮೇಲೆ. ಆ ಕಾಲದಲ್ಲಿ ಅಮೆರಿಕದ ಉಗ್ರಾಣಗಳಲ್ಲಿ ಸರಕಾರ ಕೊಂಡಿಟ್ಟ ಗೋಧಿ ತುಂಬಿ ತುಳುಕುತ್ತಿತ್ತು. ಒಳಗೆ ಮಾರಿದರೆ ಬೆಲೆ ಬೀಳುತ್ತದೆ, ರೈತರು ಸಿಟ್ಟಾಗುತ್ತಾರೆ. ಹೊರಗೆ ಕಳಿಸಿದರೆ ಬೆಲೆಯೂ ಉಳಿಯಿತು, ಪುಣ್ಯವೂ ಬಂತು. ಹಾಗಾದರೆ ಮೊದಲನೆಯ ಪಡೆದವನು ಅಮೆರಿಕದ ರೈತನೇ ಅಲ್ಲವೆ?

1956ರಲ್ಲಿ ಭಾರತ ಈ ಕಾನೂನಿನ ಪ್ರಕಾರ ಒಪ್ಪಂದ ಮಾಡಿಕೊಂಡಿತು. ನಮಗೆ ಅನುಕೂಲವೆಂದರೆ ಡಾಲರ್ ಬೇಕಿರಲಿಲ್ಲ, ಬೆಲೆಯನ್ನು ರೂಪಾಯಿಯಲ್ಲಿ ಕೊಡಬಹುದಿತ್ತು. ಆ ರೂಪಾಯಿ ಅಮೆರಿಕದ ಹೆಸರಿನಲ್ಲಿ ಭಾರತದಲ್ಲೇ ಜಮಾ ಆಗುತ್ತಾ ಹೋಯಿತು. ಅದರಲ್ಲಿ ಒಂದಿಷ್ಟನ್ನು ಅವರ ರಾಯಭಾರ ಕಚೇರಿ ಖರ್ಚಿಗೆ ಬಳಸಿತು. ನಮ್ಮಂಥ ಸಾಹಿತ್ಯದ ಮಂದಿ ತಿಳಿಯಬೇಕಾದ ಇನ್ನೊಂದು ಸಂಗತಿಯಿದೆ. 1962ರಿಂದ ಇದೇ ರೂಪಾಯಿಯಲ್ಲಿ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಭಾರತೀಯ ಭಾಷೆಗಳ ಪುಸ್ತಕ ಕೊಂಡು ತನ್ನ ದೇಶದ ವಿಶ್ವವಿದ್ಯಾಲಯಗಳಿಗೆ ಕಳಿಸಿತು. ಅದರಲ್ಲಿ ಕನ್ನಡವೂ ಇತ್ತು. ಅಲ್ಲಿನ ಗ್ರಂಥಾಲಯಗಳಲ್ಲಿ ಇವತ್ತು ಹಳೆಯ ಕನ್ನಡ ಕಾದಂಬರಿ ಸಿಕ್ಕರೆ ಅದರ ಹಿಂದೆ ಗೋಧಿಯ ದುಡ್ಡು ಇರಬಹುದು! ಕಡೆಗೆ 1974ರ ಫೆಬ್ರವರಿಯಲ್ಲಿ, ಕೂಡಿಬಿದ್ದ ಹಣದ ದೊಡ್ಡ ಭಾಗವನ್ನು, ಅಂದರೆ 1,664 ಕೋಟಿ ರೂಪಾಯಿಯನ್ನು, ಅಮೆರಿಕದ ರಾಯಭಾರಿ ಮೊಯ್ನಿಹಾನ್ ಒಂದೇ ಚೆಕ್ಕಿನಲ್ಲಿ ಭಾರತ ಸರಕಾರಕ್ಕೆ ಬಿಟ್ಟುಕೊಟ್ಟರು.

ಇದು ಒಳ್ಳೆಯ ಮುಖ. ಇನ್ನೊಂದು ಮುಖವೂ ಇದೆ. 1965 ಮತ್ತು 1966ರಲ್ಲಿ ಸಾಲಾಗಿ ಮಳೆ ಕೈಕೊಟ್ಟಿತು. 1966ರಲ್ಲಿ ಹೊರಗಿನಿಂದ ಬಂದ ಕಾಳು ಸುಮಾರು ಒಂದು ಕೋಟಿ ಟನ್, ಬಹುಪಾಲು ಅಮೆರಿಕದ್ದು. ಹಡಗಿನಿಂದ ನೇರ ಬಾಯಿಗೆ ಎನ್ನುವ ಸ್ಥಿತಿ. ಆ ಹೊತ್ತಿನಲ್ಲೇ ಅಧ್ಯಕ್ಷ ಜಾನ್ಸನ್ ಒಂದೇ ಸಲಕ್ಕೆ ವರ್ಷದ ಕಾಳು ಮಂಜೂರು ಮಾಡದೆ ಸ್ವಲ್ಪ ಸ್ವಲ್ಪವಾಗಿ ಬಿಡತೊಡಗಿದರು. ಭಾರತ ಕೃಷಿ ನೀತಿ ಬದಲಿಸಬೇಕು ಎಂಬುದು ಒಂದು ಕಾರಣ. ವಿಯೆಟ್ನಾಂ ಯುದ್ಧದ ಬಗ್ಗೆ ನಮ್ಮವರು ಆಡಿದ ಮಾತು ಅವರಿಗೆ ಹಿಡಿಸದ್ದು ಇನ್ನೊಂದು. ಅಜ್ಜ ಹರಿದ ರೊಟ್ಟಿ ತಿನ್ನುವಾಗ ಮುಂದಿನ ಹಡಗು ಹೊರಡುತ್ತದೋ ಇಲ್ಲವೋ ಎಂಬುದು ವಾಷಿಂಗ್ಟನ್ನಿನ ಒಂದು ಮೇಜಿನ ಮೇಲೆ ತೀರ್ಮಾನವಾಗುತ್ತಿತ್ತು.

ಇದೆಲ್ಲ ಹಳೆಯ ಕಥೆ ಅನ್ನಬಹುದು. ಆದರೆ ಪದ್ಧತಿ ಹಳೆಯದಾಗಲಿಲ್ಲ. 1954ರದೇ ಇನ್ನೊಂದು ಕಾನೂನಿನ ಪ್ರಕಾರ ಸರಕಾರಿ ಸಾಮಾನಿನ ಅರ್ಧದಷ್ಟಾದರೂ ಅಮೆರಿಕದ ಬಾವುಟದ ಹಡಗುಗಳಲ್ಲೇ ಹೋಗಬೇಕು. 1985ರಲ್ಲಿ ಆಹಾರ ನೆರವಿಗೆ ಇದನ್ನು ಮುಕ್ಕಾಲು ಮಾಡಿದರು, 2012ರಲ್ಲಿ ಮತ್ತೆ ಅರ್ಧಕ್ಕಿಳಿಸಿದರು. ಆ ಹಡಗುಗಳ ಬಾಡಿಗೆ ದುಬಾರಿ. ಎರಡನೆಯ ಪಡೆದವನು ಹಡಗಿನ ಕಂಪನಿ ಅಂತ ಖಾತೆಯಲ್ಲಿ ಬರೆದುಕೊಳ್ಳಿ.

ಹಸಿದವನ ಪಾಲು ಎಷ್ಟು? ಇದನ್ನು ಅಮೆರಿಕ ಸರಕಾರದ್ದೇ ಲೆಕ್ಕತಪಾಸಣೆ ಕಚೇರಿ 2009ರಲ್ಲಿ ಪರಿಶೀಲಿಸಿತು. ಆಫ್ರಿಕಾದ ಬರಪೀಡಿತ ದೇಶಕ್ಕೆ ಅಮೆರಿಕದಿಂದ ಕಾಳು ತಲುಪಲು ಸರಾಸರಿ 147 ದಿನ ಬೇಕಾಗುತ್ತಿತ್ತು. ಅದೇ ದೇಶದ ಸಂತೆಯಲ್ಲಿ ಕೊಂಡರೆ 35 ದಿನ, ಪಕ್ಕದ ದೇಶಗಳಲ್ಲಿ ಕೊಂಡರೆ 41 ದಿನ. ಸಹಾರಾದ ದಕ್ಷಿಣದ ದೇಶಗಳಲ್ಲಿ ಹೀಗೆ ಹತ್ತಿರದಲ್ಲೇ ಕೊಂಡ ಕಾಳಿನ ಖರ್ಚು 34 ಭಾಗ ಕಡಿಮೆ. ಅಂದರೆ ನೂರು ರೂಪಾಯಿಯ ಕೆಲಸ 66 ರೂಪಾಯಿಗೆ! 147 ದಿನ ಅಂದರೆ ಹತ್ತಿರ ಹತ್ತಿರ ಐದು ತಿಂಗಳು. ಮನೆಯಲ್ಲಿ ಹಿಟ್ಟು ತೀರಿದ ಮೇಲೆ ಐದು ತಿಂಗಳು ಕಾಯುವುದೆಂದರೆ ಏನು ಅಂತ ಅಂಕಿಯಲ್ಲಿ ಬರೆಯಲಾಗದು.

ಇನ್ನೊಂದು ವಿಚಿತ್ರ ನೋಡಿ. ಸೇವಾ ಸಂಸ್ಥೆಗಳಿಗೆ ಹಣ ಕೊಡುವ ಬದಲು ಕಾಳು ಕೊಟ್ಟು, ಅದನ್ನು ಬಡದೇಶದ ಪೇಟೆಯಲ್ಲಿ ಮಾರಿ ಹಣ ಮಾಡಿಕೊಳ್ಳಿ ಎನ್ನುವ ಪದ್ಧತಿಯೂ ಇತ್ತು. ಇದರಿಂದ ಅಲ್ಲಿನ ರೈತನ ಬೆಳೆಗೆ ಬೆಲೆ ಬೀಳಬಹುದು ಅಂತ 2007ರಲ್ಲಿ 'ಕೇರ್' ಸಂಸ್ಥೆ ವರ್ಷಕ್ಕೆ ಸುಮಾರು 4.5 ಕೋಟಿ ಡಾಲರಿನ ಇಂಥ ನೆರವನ್ನೇ ಬೇಡವೆಂದಿತು.

ನಮ್ಮ ಹಾಸ್ಟೆಲಿನ ಗೆಳೆಯನೊಬ್ಬ ಇಲ್ಲಿ ಒಂದು ಪ್ರಶ್ನೆ ಹಾಕಿದ: "ದುಡ್ಡು ಅವರದು, ಹ್ಯಾಗೆ ಬೇಕಾದರೂ ಕೊಡಲಿ. ನಿನ್ನದೇನೋ?" ಪ್ರಶ್ನೆ ಸುಳ್ಳಲ್ಲ. ರೈತರಿಗೂ ಹಡಗಿನವರಿಗೂ ಲಾಭವಿದ್ದದ್ದರಿಂದಲೇ ಅಲ್ಲಿನ ಸಂಸತ್ತಿನಲ್ಲಿ ಈ ನೆರವಿಗೆ ಓಟು ಬೀಳುತ್ತಿತ್ತು. ಬರೀ ಕರುಣೆಗೆ ಓಟು ಬೀಳುತ್ತದೆಯೇ ಹೇಳುವುದು ಕಷ್ಟ. ಆದರೆ 'ಇಷ್ಟು ದಾನ ಕೊಟ್ಟೆವು' ಅಂತ ನೂರು ಬರೆದುಕೊಂಡರೆ ಅದರಲ್ಲಿ ತಮ್ಮ ಮನೆಯವರ ಪಾಲೆಷ್ಟು ಅಂತಲೂ ಬರೆಯಬೇಕಲ್ಲವೆ? ಲೆಕ್ಕ ಸರಿಯಿರಲಿ ಅನ್ನುವುದು ಕೃತಘ್ನತೆ ಅಲ್ಲ.

ಖರ್ಚಿನ ದಾರಿ ಬದಲಿಸಿದರೆ ಏನಾಗುತ್ತದೆ ಎಂಬುದಕ್ಕೆ ಅವರಲ್ಲೇ ಉದಾಹರಣೆಯಿದೆ. 2003ರಲ್ಲಿ ಅಧ್ಯಕ್ಷ ಬುಷ್ ಏಡ್ಸ್ ರೋಗದ ವಿರುದ್ಧ 'ಪೆಪ್‌ಫಾರ್' ಯೋಜನೆ ಆರಂಭಿಸಿದರು. ಮೊದಲು ದೊಡ್ಡ ಕಂಪನಿಗಳ ದುಬಾರಿ ಔಷಧ ಕೊಳ್ಳುತ್ತಿದ್ದರು. ಆಮೇಲೆ ಪರೀಕ್ಷೆ ಮಾಡಿ ಅಗ್ಗದ ಜನರಿಕ್ ಔಷಧಕ್ಕೆ ಒಪ್ಪಿಗೆ ಕೊಟ್ಟರು. ಅದರಲ್ಲಿ ಹೆಚ್ಚಿನದು ತಯಾರಾದದ್ದು ನಮ್ಮ ಭಾರತದ ಕಾರಖಾನೆಗಳಲ್ಲಿ. ಅಷ್ಟೇ ಹಣಕ್ಕೆ ಎಷ್ಟೋ ಹೆಚ್ಚು ರೋಗಿಗಳಿಗೆ ಮಾತ್ರೆ ಸಿಕ್ಕಿತು. ಇಲ್ಲಿ ಪಡೆದವನು ನಿಜವಾಗಿ ರೋಗಿಯೇ.

2025ರಲ್ಲಿ ನಡೆದದ್ದು ಬೇರೆ. ಜನವರಿ 20ರಂದು ಹೊಸ ಸರಕಾರ ಎಲ್ಲ ನೆರವನ್ನು ಮರುಪರಿಶೀಲನೆಗೆಂದು 90 ದಿನ ತಡೆಯಿತು. ಮಾರ್ಚ್‌ನಲ್ಲಿ ಯು.ಎಸ್. ಏಡ್ ಸಂಸ್ಥೆಯ ಯೋಜನೆಗಳಲ್ಲಿ ಸುಮಾರು 83 ಭಾಗ ರದ್ದು ಅಂತ ಪ್ರಕಟಿಸಿತು. ಕೆನಡಿ 1961ರಲ್ಲಿ ಕಟ್ಟಿದ ಆ ಸಂಸ್ಥೆ ಜುಲೈ 1ಕ್ಕೆ ಕೆಲಸ ನಿಲ್ಲಿಸಿತು. ವಿದೇಶೀ ನೆರವು ಅವರ ಬಜೆಟ್ಟಿನಲ್ಲಿ ನೂರಕ್ಕೆ ಸುಮಾರು ಒಂದು ಭಾಗವಾಗಿತ್ತು ಅಷ್ಟೆ. ಸೋರುವ ಮಾಳಿಗೆಗೆ ಮಣ್ಣು ಹಾಕಿಸುವುದು ಬೇರೆ, ಮನೆಯನ್ನೇ ಕೆಡವುವುದು ಬೇರೆ. ಮರುವಿಚಾರ ಅಂದರೆ ಮೊದಲನೆಯದು ಎಂದು ನನ್ನ ಅಭಿಪ್ರಾಯ.

ಹಾಗಾದರೆ ಏನು ಮಾಡಬೇಕು? ನನಗೆ ತೋಚಿದ್ದು ಮೂರು. ಒಂದು, ಹಸಿವಿರುವ ಕಡೆಯೇ, ಇಲ್ಲವೆ ಅದರ ಪಕ್ಕದಲ್ಲೇ ಕಾಳು ಕೊಳ್ಳಬೇಕು. ಅಲ್ಲೂ ಸಿಗದಿದ್ದಾಗ ಮಾತ್ರ ಹಡಗು. ಎರಡು, ನೂರರಲ್ಲಿ ಎಷ್ಟು ಗಡಿ ದಾಟಿತು, ಎಷ್ಟು ಮನೆಯಲ್ಲೇ ಉಳಿಯಿತು ಅಂತ ಪ್ರತಿವರ್ಷ ಪ್ರಕಟಿಸಬೇಕು. ಮೂರು, ಮಾತು ಕೊಟ್ಟರೆ ಎರಡು-ಮೂರು ವರ್ಷಕ್ಕೆ ಕೊಡಬೇಕು. ಇವತ್ತು ಕೊಟ್ಟು ನಾಳೆ ಕೈ ಹಿಡಿದರೆ ಪಡೆಯುವವನು ಯಾವ ಯೋಜನೆಯನ್ನೂ ಹಾಕಿಕೊಳ್ಳಲಾರ.

ಮುಗಿಸುವ ಮೊದಲು ಒಂದು ಮಾತು. ಈಗ ಭಾರತವೂ ಕೊಡುವ ದೇಶ. ಎಕ್ಸಿಮ್ ಬ್ಯಾಂಕಿನ ಮೂಲಕ ಆಫ್ರಿಕಾದ, ಏಷ್ಯಾದ ದೇಶಗಳಿಗೆ ಕಡಿಮೆ ಬಡ್ಡಿಯ ಸಾಲ ಕೊಡುತ್ತದೆ. ಅದಕ್ಕೆ ಸಾಮಾನ್ಯವಾಗಿ ಒಂದು ಷರತ್ತಿದೆ: ನೂರಕ್ಕೆ 75 ಭಾಗ ಸಾಮಾನು-ಸೇವೆಗಳನ್ನು ಭಾರತದಿಂದಲೇ ಕೊಳ್ಳಬೇಕು. ಇದನ್ನು ಓದಿದಾಗ ನಾನು ಒಂದು ಕ್ಷಣ ಸುಮ್ಮನಾದೆ. ಅಮೆರಿಕದ ಮೇಲೆ ಬರೆದ ಮಾತೆಲ್ಲ ನಮಗೂ ತಿರುಗಿ ಬರುತ್ತದೆ. ನಾಳೆ ನಮ್ಮಲ್ಲೇ ಯಾರೋ ಅಂಥ ಬ್ಯಾಂಕಿನಲ್ಲಿ, ಅಂಥ ಕಚೇರಿಯಲ್ಲಿ ಕೂತು ಕಾಗದಕ್ಕೆ ಸಹಿ ಹಾಕಬಹುದು. ಆಗ ಈ ಸೂತ್ರ ನೆನಪಿಡಿ ಗೆಳೆಯರೇ: ಪಡೆದವನ ಹೆಸರು ಬರೆಯುವ ಮೊದಲು ಅವನಿಗೆ ಮುಟ್ಟಿತೋ ಇಲ್ಲವೋ ಕೇಳಿ.

ರಜೆ ಮುಗಿಸಿ ಹೊರಟಾಗ ಇದನ್ನೆಲ್ಲ ಬರೆಯುತ್ತೇನೆ ಅಂತ ಅಜ್ಜನಿಗೆ ಹೇಳಿದ್ದೆ. ಅವರು ಅಂದದ್ದು ಇಷ್ಟೇ: "ಬರಿ. ಆದ್ರ ಆ ಜ್ವಾಳಾ ತಿಂದೇ ನಾವು ಉಳದೀವಿ ಅನ್ನೂದೂ ಬರಿ." ಬರೆದಿದ್ದೇನೆ.